ಶಿವನೇರಿಯಿಂದ ಬರಿಗೈಲೆ ಬಂದೀನಿ

ಬಸ್ಯಾ,

ಹೆಂಗದಿ? ಮೊದ್ಲೇ ಹೇಳಿಬಿಡ್ತೀನಿ, ನೀ ಕುಂಡ್ಯಾಗ ಹಚ್ಚಾಕ ಕೇಳಿದ ಶಿವಸುಂದರಿ ಗಿಡದ ತುಂಡು ತಂದಿಲ್ಲ. ಬೈಬ್ಯಾಡ, ಪೂರ್ತಿ ಓದು.

ಮೊನ್ನೆ ಐತ್ವಾರ ಪುಣೆದಿಂದ ನಸುಕಿನ ಬಸ್ ಹಿಡದು ಜುನ್ನರಕ್ಕ ಹೋಗಿದ್ದೆ, ಜೋಡಿ ನಮ್ಮ ಆಫೀಸಿನ ಮರಾಠಿ ಹುಡುಗ ಒಬ್ಬ ಇದ್ದ, ಅವನ ಊರು ಅಲ್ಲೇ ಬಾಜೂಕ. ಎಲ್ಲಾರೂ ಶಿವಾಜಿ ಮಹಾರಾಜರು ಹುಟ್ಟಿದ ಜಾಗಾ ನೋಡಾಕ ಶಿವನೇರಿ ಕ್ವಾಟಿ ಹತ್ತಾಕತ್ತಿದ್ರ ನಾವಿಬ್ರು ಹುಚ್ಚರಗತೆ ಬಂಡೆಗಲ್ಲಿನ ಗ್ವಾಡಿ ನೋಡ್ಕೋತ ಹೊಂಟಿದ್ವಿ. ಕಡೀಕ ಸಿಕ್ತಪಾ! ಕಲ್ಲಿನ ಸಂದಿಯೊಳಗಿಂದ ಬಟ್ಟಿನಷ್ಟು ದಪ್ಪನ ಹಸರು ಕಾಂಡ ಜೋತು ಬಿದ್ದಾವ, ಅದರಾಗ ರೂಪಾಯಿ ನಾಣ್ಯದಷ್ಟ ಹೂ, ಐದು ಎಸಳಿನ ನಕ್ಷತ್ರ, ಕಪ್ಪುಗೆಂಪು ಬಣ್ಣ, ಮ್ಯಾಲೆ ಹಳದಿ ಮಚ್ಚಿ. ಇದ ನೋಡು ಶಿವಸುಂದರಿ. ಹೆಸರು ಕೇಳಿ ಘಮಘಮ ಅನ್ಕೋಬ್ಯಾಡ, ಕೊಳತ ಮಾಂಸದ ವಾಸನಿ ಅದು, ನೊಣ ಕರಿಯಾಕ. ನೊಣ ಬಂದು ಕುಂತ್ರ ಪರಾಗದ ಗಂಟು ಮೈಗೆ ಸಿಕ್ಕೊಂಡು ಇನ್ನೊಂದು ಹೂವಿಗೆ ಹೋಗತೈತಿ. ನಾವು ಹನುಮಪ್ಪಗ ಹಾಕೋ ಎಕ್ಕಿ ಹೂವಿನ ಮನೆತನದ್ದ ಇದು, ಗೊತ್ತೇನು?

1860ರ ದಶಕದಾಗ ಡಾಲ್ಝೆಲ್ ಅನ್ನೋ ಸಸ್ಯಶಾಸ್ತ್ರಜ್ಞ ಸಾಹೇಬ ಇದಕ್ಕ ಆಗಿನ ಮುಂಬೈ ಗವರ್ನರ್ ಬಾರ್ಟಲ್ ಫ್ರೀರ್ ಹೆಸರು ಹಚ್ಚಿ ಫ್ರೆರಿಯಾ ಇಂಡಿಕಾ ಅಂತ ಕರದ (ಪ್ರಮೋಶನ್ ಬೇಕಾಗಿತ್ತೋ ಏನೋ). ಜುನ್ನರ್, ಪುರಂದರ, ಸಜ್ಜನಗಡ, ಹಿಂಗ ಮಹಾರಾಷ್ಟ್ರದ ಒಂದಿಷ್ಟು ಗುಡ್ಡ ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ತಾನಾಗೇ ಬೆಳಿಯೂದಿಲ್ಲ. ಅಲ್ಲಿ ಸೈತ ಆಡು ಮೇಯ್ತಾವ, ಕಲ್ಲು ಕುಸೀತಾವ.

ತಮಾಷಿ ಅಂದ್ರ, ತುಂಡು ಮುರದು ಕುಂಡ್ಯಾಗ ಹಚ್ಚಿದ್ರ ಚೊಲೋ ಹತ್ತತೈತಿ, ಗಾರ್ಡನ್ದಾಗ ಬೆಳಸ್ಯಾರ. ಹಂಗಾರ ಒಂದು ಕಿತ್ರೇನಾತು ಅಂತಿ, ನನಗೂ ಖರೇ ಆಸೆ ಆತು, ಕೈಗೆ ಸಿಗೋ ಎತ್ತರದಾಗ ಒಂದಿತ್ತು, ಕೈ ಚಾಚಿದ್ನಿ ಕೂಡ. ಆಮ್ಯಾಲೆ ಮ್ಯಾಲೆ ನೋಡಿದೆ. ಉಳಕಿದ್ದೆಲ್ಲಾ ಆಡಿಗೂ ಮನಷ್ಯಾಗೂ ನಿಲುಕದ ಕಡೆ ಅದಾವ, ಕೆಳಗ ಅದೊಂದ.

ಕ್ವಾಟಿಯ ಯಾವ ಮಗ್ಗಲಾ ಅಂತ ಮಾತ್ರ ಕೇಳಬ್ಯಾಡ. ಬ್ಯಾಸಿಗ್ಯಾಗ ಬಂದ್ರ ಎಲಿ ಉದರಿ ಬರೇ ಕೋಲು ಇರತೈತಿ, ಮುಂದಿನ ಸೆಪ್ಟೆಂಬರಕ್ಕ ಬಾ, ಕರಕೊಂಡು ಹೋಗ್ತೀನಿ. ಫೋಟೋ ಹಾಕೀನಿ, ಬಲಗಡೆ ಎಸಳಿನ ಮ್ಯಾಲೆ ಒಂದು ನೊಣ ಕುಂತೈತಿ, ಜೂಮ್ ಮಾಡಿ ನೋಡು.