ಪುಟ್ಟನ ಮೊದಲ ಶೂ ಕೊಳ್ಳುವ ಮುಂಚೆ

ಸರಸ್ವತಿಪುರಂ, ಮೈಸೂರು

ಚಿ. ಸೌ. ರಶ್ಮಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪುಟ್ಟ ದಿವಾನದ ಅಂಚು ಹಿಡಿದು ಹೆಜ್ಜೆ ಹಾಕುತ್ತಿದ್ದಾನೆ ಅಂತ ನಿನ್ನ ದೊಡ್ಡಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಹುಟ್ಟುಹಬ್ಬಕ್ಕೆ ಶೂ ತರಬೇಕು, ನಾಲ್ಕನೇ ನಂಬರೋ ಐದನೇ ನಂಬರೋ ಅಂತ ನೀನು ಫೋನಿನಲ್ಲಿ ಕೇಳಿದೆಯಲ್ಲ, ಅದು ಒಂದು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಮಕ್ಕಳ ಕಾಲ ಬಳಿ ಸ್ಟೂಲು ಹಾಕಿಕೊಂಡು ಕೂತೇ ಸಂಸಾರ ಸಾಗಿಸಿದವನು ನಾನು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಶೂ ಬಿಗಿಯಾದರೆ ಮಗು ಅಳುತ್ತೆ, ಆಗ ತಾನೇ ಗೊತ್ತಾಗುತ್ತೆ ಅಂತ ಎಲ್ಲರೂ ನಂಬಿರುತ್ತಾರೆ. ಅಳುವುದಿಲ್ಲ ಕಣಮ್ಮ. ಬೆಳೆದವರ ಒಂದೊಂದು ಪಾದದಲ್ಲೂ 26 ಮೂಳೆ ಇವೆ. ಪುಟ್ಟನ ವಯಸ್ಸಿನಲ್ಲಿ ಅದರ ಬಹುಭಾಗ ಇನ್ನೂ ಮೃದ್ವಸ್ಥಿ. ನಿನ್ನ ಕಿವಿಯ ಮೇಲ್ಭಾಗ ಬಗ್ಗಿಸಿ ನೋಡಿಕೋ, ಅದೇ ಬಗೆಯ ಪದಾರ್ಥ. ಅದೆಲ್ಲ ಪೂರ್ತಿ ಗಟ್ಟಿಯಾಗುವಷ್ಟರಲ್ಲಿ ಹುಡುಗ ಕಾಲೇಜು ಮೆಟ್ಟಿಲು ಹತ್ತಿರುತ್ತಾನೆ. ಅಂಥ ಪಾದವನ್ನು ಇಕ್ಕಟ್ಟಾದ ಶೂಗೆ ತುರುಕಿದರೆ ಅದು ನೋವೂ ಕಾಣದೆ ಶೂ ಹೇಳಿದ ಹಾಗೆ ಮಡಚಿಕೊಳ್ಳುತ್ತದೆ. ಬೆರಳು ಒಂದರ ಮೇಲೊಂದು ಹತ್ತಿ ಕೂತರೂ ಮಗು ನಗುತ್ತಲೇ ಇರುತ್ತದೆ. ಅದಕ್ಕೇ ಮಗುವಿನ ಮುಖ ನೋಡಿ ಶೂ ತೆಗೆದುಕೊಳ್ಳಬಾರದು, ಅಳತೆ ನೋಡಿಯೇ ತೆಗೆದುಕೊಳ್ಳಬೇಕು.

ಅಳತೆ ಸಂಜೆ ಹೊತ್ತು ತೆಗಿ. ದಿನವೆಲ್ಲ ಆಡಿ ಪಾದ ಒಂಚೂರು ಊದಿರುತ್ತದೆ. ಬಿಳಿ ಹಾಳೆಯನ್ನು ಗೋಡೆಗೆ ಒತ್ತಿ ನೆಲಕ್ಕೆ ಹಾಸಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ಪುಟ್ಟನನ್ನು ನಿಲ್ಲಿಸು. ತೊಡೆ ಮೇಲೆ ಕೂರಿಸಿಕೊಂಡು ಅಳೆದರೆ ಪ್ರಯೋಜನವಿಲ್ಲ. ಮೈ ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುತ್ತದೆ. ಅವರಪ್ಪ ಕಂಕುಳ ಹತ್ತಿರ ಸುಮ್ಮನೆ ಆತುಕೊಳ್ಳಲಿ, ಮೇಲಕ್ಕೆ ಎತ್ತುವುದು ಬೇಡ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳಿ. ಓರೆಯಾದರೆ ಗೆರೆ ಪಾದದ ಅಡಿಗೆ ನುಗ್ಗಿ ಅಳತೆ ಕಮ್ಮಿ ಬರುತ್ತದೆ. ಕಚಗುಳಿಗೆ ಅವನು ಬೆರಳು ಮುದುರಿಕೊಳ್ಳುತ್ತಾನೆ, ಬಿಚ್ಚುವವರೆಗೂ ಕಾಯಿ. ಎರಡೂ ಕಾಲು ತೆಗಿ, ಎರಡೂ ಒಂದೇ ಸಮ ಇರುವುದು ಕಡಿಮೆ. ದೊಡ್ಡದಾಗಿರುವುದೇ ಲೆಕ್ಕ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ, ಯಾವುದು ಮುಂದಿದೆಯೋ ಅಲ್ಲಿಗೆ ಸ್ಕೇಲು ಇಡು.

ಬಂದ ಅಳತೆಗೆ 10ರಿಂದ 12 ಮಿಲಿಮೀಟರ್ ಸೇರಿಸು. ಪಾದ 12 ಸೆಂಟಿಮೀಟರ್ ಇದ್ದರೆ ಶೂ ಒಳಗಡೆ 13, ಹೆಚ್ಚೆಂದರೆ 13.2. ನಡೆಯುವಾಗ ಬೆರಳು ಮುಂದಕ್ಕೆ ಚಾಚಲು, ಜೊತೆಗೆ ನಾಲ್ಕು ದಿನ ಬೆಳೆಯಲು ಅಷ್ಟು ಜಾಗ ಸಾಕು. ಶೂ ಒಳಗಿನ ಉದ್ದ ಗೊತ್ತಾಗಬೇಕಾದರೆ ಒಂದು ತೆಂಗಿನ ಗರಿಕಡ್ಡಿ ತಗೊಂಡು ತುದಿಯವರೆಗೂ ತೂರಿಸಿ, ಹಿಮ್ಮಡಿಯ ಹತ್ತಿರ ಉಗುರಿನಲ್ಲಿ ಗುರುತು ಮಾಡಿ ಸ್ಕೇಲಿಗೆ ಹಿಡಿ. ಆಮೇಲೆ ಹಾಳೆಯ ಪಾದವನ್ನು ಕತ್ತರಿಸಿ ಶೂ ಒಳಗೆ ಜಾರಿಸು. ಅಂಚು ಮೇಲಕ್ಕೆ ಮಡಚಿಕೊಂಡರೆ ಅಗಲ ಸಾಲದು ಅಂತ ಅರ್ಥ. ಎಳೆ ಮಕ್ಕಳ ಪಾದ ಬೆರಳ ಕಡೆ ಅಗಲ, ಹಿಮ್ಮಡಿ ಕಡೆ ಸಣ್ಣ. ಅಗಲ ಸಾಲದ್ದಕ್ಕೆ ಉದ್ದದ ನಂಬರು ಏರಿಸಬೇಡ, ಆ ಮಾದರಿಯನ್ನೇ ಬಿಟ್ಟು ಬೇರೆ ನೋಡು.

ಡಬ್ಬಿ ಮೇಲಿನ ನಂಬರನ್ನು ಪೂರ್ತಿ ನಂಬಬೇಡ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ನಂಬರು. ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಹಿಂದೆ ಅದು ಒಂದು ಬಾರ್ಲಿ ಕಾಳಿನ ಉದ್ದ. 20, 21 ಅಂತ ಬರೆದಿದ್ದರೆ ಅದು ಯುರೋಪಿನ ಲೆಕ್ಕ, ಅಲ್ಲಿ ಅಂತರ 6.7 ಮಿಲಿಮೀಟರ್ ಆಸುಪಾಸು. ಅಮೆರಿಕದ ನಂಬರಾದರೆ ಮಕ್ಕಳ ಅಳತೆಯಲ್ಲಿ ಬ್ರಿಟಿಷ್ ನಂಬರಿಗಿಂತ ಬಹುತೇಕ ಒಂದು ಹೆಚ್ಚಿಗೆ ಇರುತ್ತದೆ. ನಾಲ್ಕೋ ಐದೋ ಅನ್ನುವ ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡದೇ ಇದ್ದದ್ದು ಇದಕ್ಕೇ. ‘12–18 ತಿಂಗಳು’ ಅಂತ ಬರೆದಿರುವುದನ್ನಂತೂ ನೋಡಲೇಬೇಡ. ಒಂದೇ ತಿಂಗಳಲ್ಲಿ ಹುಟ್ಟಿದ ಮಕ್ಕಳ ಪಾದದಲ್ಲೂ ಎರಡು ನಂಬರು ವ್ಯತ್ಯಾಸ ಇರಬಹುದು.

‘ಬೆಳೆಯೋ ಮಗು, ದೊಡ್ಡದೇ ಇರಲಿ, ಇನ್ನೊಂದು ವರ್ಷ ಬರುತ್ತೆ’ ಅಂತ ಮನೆಯಲ್ಲಿ ಹಿರಿಯರು ಅನ್ನುತ್ತಾರೆ. ದುಡ್ಡಿನ ಬೆಲೆ ಗೊತ್ತಿದ್ದವರು, ಅವರನ್ನು ಬೇಸರ ಮಾಡಬೇಡ. ಆದರೆ ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲು. ಈಗತಾನೇ ಹೆಜ್ಜೆ ಕಲಿಯುವ ಮಗುವಿಗೆ ದೊಡ್ಡ ಶೂ ಅಂದರೆ ಎಡವಿ ಬೀಳುವುದೇ. ಶೂ ಕಳಚದಿರಲಿ ಅಂತ ಬೆರಳಲ್ಲಿ ಕಚ್ಚಿ ಹಿಡಿದುಕೊಂಡು ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಅಕ್ಕನ ಮಗ ಹಾಕಿದ ಶೂ ಇದೆ ಅಂದೆಯಲ್ಲ, ಬಟ್ಟೆ ಎಷ್ಟು ಬೇಕಾದರೂ ಇಸಿದುಕೋ, ಸವೆದ ಶೂ ಮಾತ್ರ ಬೇಡ. ಅದರೊಳಗೆ ಆ ಹುಡುಗನ ಪಾದದ ಅಚ್ಚು ಕೂತಿರುತ್ತದೆ, ಪುಟ್ಟನ ಪಾದ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಅಂಗಡಿಯಲ್ಲಿ ಶೂವನ್ನು ಕೈಯಲ್ಲಿ ಬಗ್ಗಿಸಿ ನೋಡು. ಬೆರಳ ಬುಡದ ಹತ್ತಿರ ಸಲೀಸಾಗಿ ಬಾಗಬೇಕು, ನಡುಮಧ್ಯೆ ಮಡಚಿಕೊಳ್ಳಬಾರದು. ಹಿಮ್ಮಡಿ ಕಡೆ ಗಟ್ಟಿ ಇರಲಿ. ಪಟ್ಟಿ ಅಂಟಿಸುವಂಥದ್ದೇ ಅನುಕೂಲ. ಪೀಪಿ ಶೂ ಮಾತ್ರ ತರಬೇಡ. ಸದ್ದು ಬರಲಿ ಅಂತ ಮಗು ಹಿಮ್ಮಡಿ ಕುಕ್ಕಿ ಕುಕ್ಕಿ ನಡೆಯುವುದು ನನಗೆ ಸರಿ ಕಾಣುವುದಿಲ್ಲ. ಕಾಲಿನ ಬೆಳ್ಳಿ ಗೆಜ್ಜೆ ನೆನಪಿರಲಿ. ಕಣಕಾಲು ಮುಚ್ಚುವ ಶೂ ಆದರೆ ಗೆಜ್ಜೆ ಒತ್ತಿ ತೊಗಲು ಕೀಳುತ್ತದೆ, ಶೂ ಹಾಕುವಾಗ ಬಿಚ್ಚಿಡು. ಕಾಲುಚೀಲವೂ ಬಿಗಿಯಾಗಿರಬಾರದು.

ಮನೆಯೊಳಗೆ ಶೂ ಬೇಡವೇ ಬೇಡ. ಬರಿಗಾಲಲ್ಲಿ ನಡೆದರೇ ಬೆರಳು ನೆಲ ಹಿಡಿಯಲು ಕಲಿಯುವುದು. ಮಂಡ್ಯದ ಬಿಸಿಲಿಗೆ ಕಾದ ಟಾರು ರಸ್ತೆ, ಗದ್ದೆ ಬದುವಿನ ಮುಳ್ಳು ಇವಕ್ಕೆ ಶೂ ಬೇಕು, ಅಷ್ಟೇ. ಒದ್ದೆ ಕಾಲಿನ ಗುರುತು ಪೂರ್ತಿ ಚಪ್ಪಟೆ ಮೂಡುತ್ತೆ ಅಂತ ನಿನ್ನ ಅತ್ತೆಯವರು ಗಾಬರಿ ಆಗಿದ್ದಾರಂತೆ. ಪಾದದ ಅಡಿಯ ಕೊಬ್ಬಿನಿಂದ ಹಾಗೆ ಕಾಣುತ್ತದೆ. ಐದಾರು ವರ್ಷ ಆಗುವಷ್ಟರಲ್ಲಿ ಕಮಾನು ತಾನೇ ಎದ್ದು ಬರುತ್ತದೆ. ಅದಕ್ಕೆಂದು ಬೇರೆ ಶೂ ಹುಡುಕಬೇಡಿ. ಒಂದು ಕಾಲು ಎಳೆದು ಹಾಕುತ್ತಿದ್ದರೆ, ನೋವು ಅಂತ ಅನ್ನಿಸಿದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸು.

ಹೊಸ ಶೂ ಹಾಕಿದ ಮೊದಲ ದಿನ ಅರ್ಧ ಗಂಟೆ ಬಿಟ್ಟು ಬಿಚ್ಚಿ ನೋಡು. ಕೆಂಪು ಗುರುತು ಮೂಡಿ ಬೇಗ ಮಾಯವಾಗದಿದ್ದರೆ ಅಂಗಡಿಗೆ ವಾಪಸು ಕೊಡು, ರಸೀದಿ ಎತ್ತಿಟ್ಟಿರು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಹಾಳೆ ಹಾಸಿ ಅಳತೆ ತೆಗಿ. ಹಾಗಾಗಿ ತುಂಬಾ ದುಬಾರಿಯದ್ದು ಬೇಡ, ಹಬ್ಬಕ್ಕೊಂದು ದಿನಕ್ಕೊಂದು ಅಂತ ಎರಡು ಜೊತೆಯೂ ಬೇಡ.

ನಿಮ್ಮ ಮಂಡ್ಯದ ವಿ.ವಿ. ರಸ್ತೆಯಲ್ಲಿ ಸರಿಯಾದದ್ದು ಸಿಗದಿದ್ದರೆ ಭಾನುವಾರ ಮಧ್ಯಾಹ್ನದ ರೈಲಿಗೆ ಇಲ್ಲಿಗೇ ಬಾ. ಪುಟ್ಟ ಒಂದು ನಿದ್ದೆ ಮಾಡಿ ಏಳಲಿ, ಸಂಜೆ ನಾನೇ ಜೊತೆಗೆ ಬರುತ್ತೇನೆ. ಅವನು ದಿನಾ ಹಾಕುವ ಕಾಲುಚೀಲ ಮರೆಯದೆ ತಾ.

ಇತಿ,
ನಿನ್ನ ದೊಡ್ಡಪ್ಪ