ಎದೆ ಕಾಯಿಲೆಯ ಮಕ್ಕಳ ಎಂಆರ್‌ಐ ನಿಧಿಗಾಗಿ ಮನವಿ

ಮಾನ್ಯರೇ, ಊರಿನ ಬಂಧುಗಳೇ, ನಮ್ಮ ಶಾಲೆಯಲ್ಲಿ ಓದಿ ಈಗ ಹೊರಗಿರುವ ಹಳೆ ವಿದ್ಯಾರ್ಥಿಗಳೇ,

ದಕ್ಷಿಣ ಕೊಡಗಿನ ನಮ್ಮ ಶಾಲೆಯ ಟ್ರಸ್ಟ್ ಈ ವರ್ಷ ಕಟ್ಟಡಕ್ಕಾಗಲಿ ಕಾಂಪೌಂಡಿಗಾಗಲಿ ಹಣ ಕೇಳುತ್ತಿಲ್ಲ. ಎದೆಯ, ಅಂದರೆ ಶ್ವಾಸಕೋಶದ, ಕಾಯಿಲೆಯಿಂದ ಮತ್ತೆ ಮತ್ತೆ ಮಲಗುವ ಮಕ್ಕಳಿಗೆ ವೈದ್ಯರು ಬೇಕೆಂದಾಗ, ದೇಹದೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಮಾಡಿಸಲು ಒಂದು ನಿಧಿ ಕಟ್ಟುತ್ತಿದ್ದೇವೆ. ಕಾಫಿ ಕೊಯ್ಲು ಮುಗಿದು, ಪಾರ್ಚ್‌ಮೆಂಟ್ ಮತ್ತು ಚೆರಿ ಕಣದಿಂದ ಎದ್ದು, ತೋಟದವರ ಕೈಗೆ ನಾಲ್ಕು ಕಾಸು ಬರುವ ಹೊತ್ತಿದು. ಮಳೆ ಹಿಡಿಯುವ ಮೊದಲು ಈ ನಿಧಿ ಆಗಬೇಕು ಎಂಬುದೇ ನಮ್ಮ ಅವಸರ.

ಮಳೆಯ ಮಾತು ಯಾಕೆಂದು ನಮ್ಮ ಹಾಜರಿ ಪುಸ್ತಕ ನೋಡಿದವರಿಗೆ ಗೊತ್ತು. ಜೂನಿನಲ್ಲಿ ಶುರುವಾದ ಗೈರುಹಾಜರಿ ಕಕ್ಕಡ (ಕೊಡಗಿನ ಆಟಿ ತಿಂಗಳು) ಕಳೆಯುವ ತನಕ ನಿಲ್ಲುವುದಿಲ್ಲ. ಅದರಲ್ಲೂ ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯ ಮಕ್ಕಳದು. ಒಂದೇ ಕೋಣೆ, ಮುಚ್ಚಿದ ಕಿಟಕಿ, ಒಣಗದ ಬಟ್ಟೆ, ಹಸಿ ಸೌದೆಯ ಹೊಗೆ. ಹೆಚ್ಚಿನ ಮಕ್ಕಳ ಕೆಮ್ಮು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಇಳಿಯದವರೂ ಇದ್ದಾರೆ.

ಐದನೇ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಪ್ರತಿ ಮಳೆಗಾಲಕ್ಕೂ ಅವಳಿಗೆ ನ್ಯುಮೋನಿಯಾ, ಪ್ರತಿ ಸಲವೂ ಬಲ ಶ್ವಾಸಕೋಶದ ಕೆಳಭಾಗದಲ್ಲೇ. ಅವಳ ತಾಯಿ ಎಕ್ಸ್‌ರೇ ಫಿಲ್ಮುಗಳನ್ನೆಲ್ಲ ಸೀರೆ ಅಂಗಡಿಯ ಕವರಿನಲ್ಲಿ ಸುತ್ತಿ, ಇಲಿ ಮುಟ್ಟದಂತೆ ಮಾಡಿನ ತೊಲೆಗೆ ನೇತುಹಾಕಿದ್ದಾರೆ. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿ, ಶ್ವಾಸನಾಳದ ಕವಲೊಂದು ಹಿಗ್ಗಿ ಅಲ್ಲಿ ಕಫ ನಿಂತು ಕೊಳೆಯುತ್ತಿದೆ ಎಂದು ಕಂಡುಹಿಡಿದರು. ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಕಾಯಿಲೆ ಯಾವುದೆಂದು ತಿಳಿದರೆ ಮುಗಿಯಲಿಲ್ಲ. ಅದು ಹರಡುತ್ತಿದೆಯೇ, ಮದ್ದು ಮತ್ತು ಬೆನ್ನು ತಟ್ಟಿ ಕಫ ತೆಗೆಸುವ ವ್ಯಾಯಾಮ ಫಲ ಕೊಡುತ್ತಿದೆಯೇ, ಆಪರೇಷನ್ ಬೇಕೇ ಎಂದು ತೀರ್ಮಾನಿಸಲು ವರ್ಷಗಟ್ಟಲೆ ಚಿತ್ರ ತೆಗೆಯುತ್ತಲೇ ಇರಬೇಕು.

ಪ್ರತಿ ಸಲವೂ ಸಿಟಿ ಮಾಡುವುದಕ್ಕೆ ಮಕ್ಕಳ ವೈದ್ಯರು ಹಿಂಜರಿಯುತ್ತಾರೆ. ಎದೆಯ ಸಾಮಾನ್ಯ ಸಿಟಿ ಒಂದರ ವಿಕಿರಣ ಹತ್ತಾರು ಎಕ್ಸ್‌ರೇಗಳಿಗೆ ಸಮ. ಬೆಳೆಯುವ ದೇಹಕ್ಕೆ ಅದು ದೊಡ್ಡವರಿಗಿಂತ ಹೆಚ್ಚು ನಾಟುತ್ತದೆ, ಮಗುವಿನ ಮುಂದೆ ಇನ್ನೂ ಇಡೀ ಆಯುಸ್ಸಿದೆ. ಬಾಲ್ಯದಲ್ಲಿ ಸಿಟಿ ಮಾಡಿಸಿಕೊಂಡವರನ್ನು ಹಿಂಬಾಲಿಸಿದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿಕಿರಣ ಕೂಡುತ್ತ ಹೋದಂತೆ ರಕ್ತದ ಕ್ಯಾನ್ಸರ್ ಮತ್ತು ಮೆದುಳಿನ ಗೆಡ್ಡೆಯ ಅಪಾಯ ಏರುತ್ತದೆ ಎಂದು ಅದು ತೋರಿಸಿತು. ಒಟ್ಟು ಅಪಾಯ ಸಣ್ಣದೇ. ವೈದ್ಯರು ಸಿಟಿ ಬೇಕು ಎಂದಾಗ ಬೇಡ ಎನ್ನಬಾರದು, ಇದನ್ನು ಓದಿ ಯಾರೂ ಹೆದರಬೇಕಿಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಅದನ್ನೇ ಮತ್ತೆ ಮತ್ತೆ ಮಾಡಿಸುವ ಬದಲು ಬೇರೆ ದಾರಿ ಇದ್ದರೆ ಆ ದಾರಿ ಹಿಡಿಯಬೇಕು.

ಎಂಆರ್‌ಐ ಅಂಥ ದಾರಿ. ಅದರಲ್ಲಿ ಇಂಥ ವಿಕಿರಣವೇ ಇಲ್ಲ, ಇರುವುದು ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆ. ಈ ವಿದ್ಯೆಗೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಹಾಗಿದ್ದೂ ಶ್ವಾಸಕೋಶ ಬಹಳ ಕಾಲ ಈ ಯಂತ್ರಕ್ಕೆ ಒಗ್ಗದೇ ಉಳಿಯಿತು. ಯಂತ್ರಕ್ಕೆ ಸಂಕೇತ ಸಿಗುವುದು ಮೈಯ ನೀರಿನಲ್ಲಿರುವ ಹೈಡ್ರೋಜನ್‌ನಿಂದ, ಶ್ವಾಸಕೋಶದ ತುಂಬ ಇರುವುದು ಗಾಳಿ. ಗಾಳಿಯೂ ಅಂಗಾಂಶವೂ ತಾಗುವ ಕಡೆಯೆಲ್ಲ ಕಾಂತಕ್ಷೇತ್ರ ಏರುಪೇರಾಗಿ, ಬಂದಷ್ಟು ಸಂಕೇತವೂ ಸೆಕೆಂಡಿನ ಸಾವಿರದ ಒಂದೆರಡು ಪಾಲಿನೊಳಗೆ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ಉಸಿರಾಟ, ಎದೆಬಡಿತ. ಗಾಳಿಗೆ ತೂಗುತ್ತಿರುವ ಕಾಫಿ ಹೂವಿನ ಫೋಟೊ ತೆಗೆಯುವ ಕಷ್ಟ ಇದು.

ಈಗ ಕಾಲ ಬದಲಾಗಿದೆ. ಸಂಕೇತ ಅಳಿಯುವ ಮೊದಲೇ ಹಿಡಿದುಕೊಳ್ಳುವ ಯುಟಿಇ ಎಂಬ ವಿಧಾನ ಬಂದಿದೆ. ಹೊಟ್ಟೆಯ ಮೇಲೆ ಒಂದು ಪಟ್ಟಿ ಕಟ್ಟಿದರೆ, ಮಗು ಉಸಿರು ಬಿಟ್ಟು ಎದೆ ನಿಶ್ಚಲವಾಗುವ ಕ್ಷಣಗಳನ್ನೇ ಆರಿಸಿ ಯಂತ್ರ ಚಿತ್ರ ತೆಗೆಯುತ್ತದೆ. ಇದಕ್ಕೆ ಅತಿ ದುಬಾರಿಯ 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರವೇ ಆಗಬೇಕೆಂದಿಲ್ಲ. ಶ್ವಾಸಕೋಶದ ಮಟ್ಟಿಗೆ 1.5 ಟೆಸ್ಲಾದಲ್ಲಿ ಏರುಪೇರು ಕಡಿಮೆ. ಆರೋಗ್ಯವಾದ ಶ್ವಾಸಕೋಶ ಚಿತ್ರದಲ್ಲಿ ಕಪ್ಪಗಿರುತ್ತದೆ, ಕಫ, ಕೀವು, ನೀರು ನಿಂತ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮ ಮಕ್ಕಳಲ್ಲಿ ವೈದ್ಯರು ಹುಡುಕುವುದು ಹೆಚ್ಚಾಗಿ ಇವನ್ನೇ: ನ್ಯುಮೋನಿಯಾ ಬಿಟ್ಟುಹೋದ ಕೀವಿನ ಗುಳಿ, ಪಕ್ಕೆಯಲ್ಲಿ ತುಂಬಿದ ನೀರು, ಕ್ಷಯದಿಂದ ಊದಿದ ಗಂಟು. ಅತಿ ಸಣ್ಣ ನಾಳಗಳನ್ನೂ ಚಿಕ್ಕ ಚಿಕ್ಕ ಗಂಟುಗಳನ್ನೂ ತೋರಿಸುವುದರಲ್ಲಿ ಸಿಟಿಯೇ ಇಂದಿಗೂ ಮುಂದು. ಯಾವ ಮಗುವಿಗೆ ಯಾವುದು ಎನ್ನುವುದು ವೈದ್ಯರ ತೀರ್ಮಾನ, ಟ್ರಸ್ಟಿನದಲ್ಲ. ಕ್ಸೆನಾನ್ ಅನಿಲವನ್ನು ಉಸಿರಾಡಿಸಿ ಗಾಳಿ ಎಲ್ಲೆಲ್ಲಿಗೆ ತಲುಪುತ್ತದೆ ಎಂದು ನೋಡುವ ಎಂಆರ್‌ಐಗೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ನಾವು ಹಣ ಕೇಳುತ್ತಿರುವುದು ಅದಕ್ಕಲ್ಲ, ಈಗಿರುವ ಸಾಮಾನ್ಯ ಯಂತ್ರದ ತನಕ ಮಗುವನ್ನು ತಲುಪಿಸುವುದಕ್ಕೆ.

ಆ ಹುಡುಗಿಯನ್ನು ಮೈಸೂರಿಗೆ ಕರೆದುಕೊಂಡು ಹೋದ ದಿನ ನಾನೂ ಜೊತೆಗಿದ್ದೆ. ಸ್ಕ್ಯಾನಿನ ಕೋಣೆಗೆ ಲೋಹ ಒಯ್ಯುವಂತಿಲ್ಲ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಕಾಲ್ಗೆಜ್ಜೆ, ಕಿವಿಯೋಲೆ, ಬೆಳ್ಳಿ ಉಡಿದಾರ ಬಿಚ್ಚಿದ್ದಾಯಿತು. ತಾಯಿತ ಬಿಚ್ಚುವಾಗ ತಾಯಿಯ ಕೈ ತಡೆಯಿತು, ಹುಟ್ಟಿದ ವರ್ಷ ಕಟ್ಟಿದ್ದು. ಮಗಳ ಪಕ್ಕದಲ್ಲಿ ನಿಲ್ಲಬೇಕಾದರೆ ನೀವೂ ಕರಿಮಣಿ ತೆಗೆಯಬೇಕು ಎಂದರು. ಅಲ್ಲಿದ್ದ ಹಿರಿಯ ನರ್ಸ್ ಏನೂ ಮಾತಾಡದೆ ಒಂದು ಅರಿಶಿನ ಕೊಂಬಿಗೆ ದಾರ ಕಟ್ಟಿ ತಂದು, "ಅಮ್ಮಾ, ಅಷ್ಟು ಹೊತ್ತಿಗೆ ಇದಿರಲಿ ಕತ್ತಲ್ಲಿ" ಎಂದರು. ಇಂಥ ತಿಳಿವಳಿಕೆಗೆ ಬೆಲೆ ಕಟ್ಟಲಾಗದು. ಒಳಗೆ ಟಕಟಕ ಗುಂಯ್‌ಗುಡುವ ಯಂತ್ರದ ಸದ್ದು, ಕಿವಿಗೆ ಹತ್ತಿ ಇಟ್ಟರೂ ಕೇಳುತ್ತದೆ. ಹುಡುಗಿ ಅಮ್ಮನ ಬೆರಳು ಹಿಡಿದು ಕದಲದೆ ಮಲಗಿದಳು.

ಎಲ್ಲ ಮಕ್ಕಳೂ ಹಾಗೆ ಮಲಗುವುದಿಲ್ಲ. ಐದಾರು ವರ್ಷದೊಳಗಿನವರಿಗೆ ಹೆಚ್ಚಾಗಿ ಅರಿವಳಿಕೆ ಬೇಕು. ಅರಿವಳಿಕೆ ಎಂದರೆ ಅದರ ವೈದ್ಯರು ಬೇಕು, ಗಟ್ಟಿ ಆಹಾರ ಬಿಟ್ಟು ಆರು ಗಂಟೆಯಾಗಿರಬೇಕು, ಬೆಳಗ್ಗೆ ಬೇಗ ಆಸ್ಪತ್ರೆಯಲ್ಲಿರಬೇಕು. ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಸುಮಾರು 90 ಕಿ.ಮೀ. ಜಿಲ್ಲೆಯಲ್ಲಿ ರೈಲಿಲ್ಲ. ನಸುಕಿನಲ್ಲಿ ಲೈನ್ ಮನೆಯಿಂದ ಬಸ್ ನಿಲ್ದಾಣದ ತನಕ ಮಗುವನ್ನು ಎತ್ತಿಕೊಂಡು ನಡೆಯಲು ಆನೆ ಭಯ. ಹಾಗಾಗಿ ಹಿಂದಿನ ದಿನವೇ ಹೋಗಿ ತಂಗಬೇಕು, ಇಲ್ಲವೇ ಗಾಡಿ ಬಾಗಿಲಿಗೇ ಬರಬೇಕು. ಎರಡು ದಿನದ ಕೂಲಿ ಹೋಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಗುವಷ್ಟನ್ನು ಮೊದಲು ಅದರಲ್ಲೇ ಮಾಡಿಸುತ್ತೇವೆ. ಆದರೆ ಗಾಡಿ, ತಂಗುವುದು, ಹೋದ ಕೂಲಿ ಮನೆಯವರ ತಲೆಯ ಮೇಲೇ ಬೀಳುತ್ತದೆ. ಬರೆದುಕೊಟ್ಟ ಚೀಟಿ ಹಿಡಿದು ಮನೆಯಲ್ಲೇ ಉಳಿಯುವ ಮಕ್ಕಳು ಉಳಿಯುವುದು ಇದಕ್ಕೆ.

ಎದೆಯ ಹೊರತು ಇನ್ನೆರಡು ಕಾಯಿಲೆಗಳನ್ನೂ ನಿಧಿಗೆ ಸೇರಿಸಿದ್ದೇವೆ. ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣಲು ಹತ್ತು ಹದಿನೈದು ದಿನ ಬೇಕಾಗಬಹುದು, ಎಂಆರ್‌ಐಯಲ್ಲಿ ಶುರುವಿನ ದಿನಗಳಲ್ಲೇ ಕಾಣುತ್ತದೆ. ಅಷ್ಟರಲ್ಲಿ ಮದ್ದು ಬಿದ್ದರೆ ಮಗುವಿನ ಕಾಲು ಉಳಿಯುತ್ತದೆ. ಇನ್ನೊಂದು ಸಿಕಲ್ ಸೆಲ್, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಯರವ, ಜೇನುಕುರುಬ ಬುಡಕಟ್ಟಿನವರ ಹಾಡಿಗಳ ಮಕ್ಕಳನ್ನು ನೆನೆದು ಇದನ್ನು ಸೇರಿಸಿದೆವು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಗಿ ರಕ್ತ ಪರೀಕ್ಷೆಗೆ ದಾರಿಯಾಗಿದೆ. ಆದರೆ ಈ ಕಾಯಿಲೆಯಲ್ಲಿ ಮೆದುಳಿನ ಸಣ್ಣ ಸಣ್ಣ ಭಾಗಗಳಿಗೆ ರಕ್ತ ನಿಂತು, ಹೊರಗೆ ಯಾವ ಲಕ್ಷಣವೂ ಇಲ್ಲದೆ ಹಾನಿಯಾಗುವುದುಂಟು. ತರಗತಿಯಲ್ಲಿ ಹಿಂದೆ ಬೀಳುವ ಮಗುವನ್ನು ದಡ್ಡ ಎಂದುಬಿಡುತ್ತೇವೆ. ಆ ಹಾನಿ ಗೊತ್ತಾಗುವುದು ಎಂಆರ್‌ಐಯಿಂದ. ಶಿಕ್ಷಕಿಯಾಗಿ ನನ್ನ ಹೊಟ್ಟೆ ಉರಿಯುವ ವಿಷಯವಿದು.

ನಿಮ್ಮ ಹಣ ಹೋಗುವುದು ಹೀಗೆ. ಒಂದು ಮಗುವಿನ ಒಂದು ಸ್ಕ್ಯಾನಿಗೆ, ಅರಿವಳಿಕೆ, ಗಾಡಿ, ತಂಗುವುದು ಮತ್ತು ತಂದೆ ಅಥವಾ ತಾಯಿಯ ಕೂಲಿ ಸೇರಿ ಹೆಚ್ಚೆಂದರೆ 20,000 ರೂಪಾಯಿ ಎತ್ತಿಡುತ್ತೇವೆ. ಉಳಿದದ್ದು ಮುಂದಿನ ಮಗುವಿಗೆ. ಶಾಲೆಯ ಹಳೆ ಕೊಠಡಿಯಲ್ಲಿ ಪ್ಲೈವುಡ್ಡಿನ ಒಂದು ಸುರಂಗ ಮಾಡಿಸಿ, ಯಂತ್ರದ ಸದ್ದನ್ನು ಸ್ಪೀಕರಿನಲ್ಲಿ ಹಾಕಿ, ಅದರೊಳಗೆ ಕದಲದೆ ಮಲಗುವುದನ್ನೂ ಹತ್ತು ಹದಿನೈದು ಸೆಕೆಂಡ್ ಉಸಿರು ಹಿಡಿಯುವುದನ್ನೂ ಆಟದಂತೆ ಕಲಿಸಬೇಕೆಂದಿದ್ದೇವೆ. ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಈ ಅಭ್ಯಾಸ ಇದೆ, ಇದರಿಂದ ಎಷ್ಟೋ ಮಕ್ಕಳಿಗೆ ಅರಿವಳಿಕೆ ತಪ್ಪುತ್ತದೆ. ನಮ್ಮೂರಿನ ಆಚಾರಿಯೊಬ್ಬರು ಕೂಲಿ ಬೇಡ, ಹಲಗೆ ತಂದುಕೊಡಿ ಎಂದಿದ್ದಾರೆ. ಮಕ್ಕಳನ್ನು ಆರಿಸುವುದು ವೈದ್ಯರ ಚೀಟಿ ನೋಡಿ ಮಾತ್ರ. ಯಾವ ಶಾಲೆ, ಯಾವ ಜಾತಿ, ಯಾರ ತೋಟ ಎಂದು ಕೇಳುವುದಿಲ್ಲ. ಮಕ್ಕಳ ಫೋಟೊ ಹಾಕುವುದಿಲ್ಲ, ದಾನಿಗಳು ಕೇಳಿದರೂ ಕೊಡುವುದಿಲ್ಲ.

ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನೂರು ರೂಪಾಯಿಗೂ ರಸೀದಿ ಇದೆ. ಲೆಕ್ಕ ಪುಸ್ತಕ ಶಾಲೆಯ ಕಚೇರಿಯಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಹಣ ಕೊಡಲಾಗದವರು ಜೀಪು ಅಥವಾ ಕಾರು ಕೊಡಬಹುದು, ಮೈಸೂರಿನಲ್ಲಿ ಮನೆ ಇರುವವರು ತಾಯಿ ಮಗುವಿಗೆ ಒಂದು ರಾತ್ರಿ ಜಾಗ ಕೊಡಬಹುದು. ಮೇ ರಜೆಯಲ್ಲೇ ಮೊದಲ ಮಕ್ಕಳನ್ನು ಕಳಿಸುವುದೆಂದು ತೀರ್ಮಾನವಾಗಿದೆ. ಗಾಡಿ ಕೊಡುವವರು ಯಾವ ದಿನ ಅನುಕೂಲ ಎಂದು ಏಪ್ರಿಲ್ ಮುಗಿಯುವುದರೊಳಗೆ ಕಚೇರಿಗೆ ತಿಳಿಸಿ, ಸ್ಕ್ಯಾನಿನ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತೇವೆ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ