ಮಗಳಿಗೊಂದು ಪತ್ರ: ಉಳಿದಿರುವ 14 ಕ್ಲಾಸು

ಸಾಗರ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನ ಕಾಲೇಜಿನಿಂದ ನಿನ್ನೆ ನನ್ನ ಫೋನಿಗೂ ಮೆಸೇಜ್ ಬಂತು. ಮಾರ್ಕೆಟಿಂಗ್‌ನಲ್ಲಿ ಹಾಜರಿ ಶೇ. 68. ಅಪ್ಪನಿಗೆ ತೋರಿಸಿಲ್ಲ. ತೋರಿಸಿದ್ದರೆ ಅವರು ಆಗಲೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು.

ಕೇಳಿದ್ದಕ್ಕೆ ನೀನು ಏನಂದೆ? "ಅಮ್ಮ, ನಾನು ವಿಶುವಲ್ ಲರ್ನರ್. ಕೂತು ಕೇಳಿದ್ರೆ ತಲೆಗೆ ಹೋಗಲ್ಲ. ಅದೇ ಚಾಪ್ಟರ್ ವಿಡಿಯೋದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ." ನಾನು ಹ್ಞೂಂ ಅಂದು ಫೋನ್ ಇಟ್ಟೆ. ಫೋನಿನಲ್ಲಿ ನಾನು ಬೇಗ ಮೇಡಂ ಆಗಿಬಿಡುತ್ತೇನೆ, ಅದು ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಇಲ್ಲಿಯವರೆಗೆ 50 ಕ್ಲಾಸ್ ಆಗಿದೆ, ನೀನು 34ಕ್ಕೆ ಹೋಗಿದ್ದೀಯ. ಸೆಮ್ ಮುಗಿಯುವಷ್ಟರಲ್ಲಿ 64 ಆಗುತ್ತದೆ ಅಂದೆ. ಪರೀಕ್ಷೆಗೆ ಕೂರಲು ಬೇಕಾದ ಶೇ. 75 ಅಂದರೆ 64ರಲ್ಲಿ 48. ಉಳಿದಿರುವುದು 14. ನಿನ್ನ 34ಕ್ಕೆ 14 ಕೂಡಿಸು. ಸರಿಯಾಗಿ 48. ಒಂದೂ ಬಿಡುವಂತಿಲ್ಲ. ಬಿಟ್ಟರೆ ಶಾರ್ಟೇಜ್, ಹಾಲ್ ಟಿಕೆಟ್ ಸಿಗಲ್ಲ. ಮೆಡಿಕಲ್ ಸರ್ಟಿಫಿಕೇಟ್ ಮಾಡಿಸೋಣ ಅಂತ ಮಾತ್ರ ಹೇಳಬೇಡ. ಸೆಮ್ ಕೊನೆಗೆ ನನ್ನ ಮೇಜಿನ ಮೇಲೂ ಅಂಥವು ಬೀಳುತ್ತವೆ. ಅಷ್ಟೊಂದು ಟೈಫಾಯಿಡ್ ಯಾವ ಊರಿನಲ್ಲೂ ಇರಲ್ಲ.

ಇನ್ನು 'ವಿಶುವಲ್' ವಿಷಯ. ಈ ಮಾತಿಗೆ ನಾನೂ ಮರುಳಾಗಿದ್ದೆ ಕಣೇ. ನೀನಿನ್ನೂ ಹೈಸ್ಕೂಲಿನಲ್ಲಿದ್ದಾಗ ಒಂದು ಟ್ರೈನಿಂಗ್‌ಗೆ ಹೋಗಿದ್ದೆ. ಅಲ್ಲಿ ವಾರ್ಕ್ ಅನ್ನುವ ಪ್ರಶ್ನಾವಳಿ ತೋರಿಸಿದರು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಬಳಕೆಗೆ ತಂದದ್ದು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಓದಿ ಬರೆದು, ಕೆಲವರು ಕೈಯಾರೆ ಮಾಡಿ. ಊರಿಗೆ ಬಂದವಳೇ ಬಿ.ಕಾಂ. ಮಕ್ಕಳಿಗೆಲ್ಲ ಫಾರಂ ಹಂಚಿದೆ. ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ 'ಕಣ್ಣು', 'ಕಿವಿ', 'ಕೈ' ಅಂತ ಬರೆದುಕೊಂಡೆ. ಏನೋ ದೊಡ್ಡದು ಸಾಧಿಸಿದ ಖುಷಿ.

ಆ ಬ್ಯಾಚಿನಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಅಡಿಕೆ ಮಂಡಿಯಲ್ಲಿ ಕೆಲಸ ಮಾಡಿ ಹನ್ನೊಂದಕ್ಕೆ ಕ್ಲಾಸಿಗೆ ಬರುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕನ್ಸೈನ್‌ಮೆಂಟ್ ಲೆಕ್ಕ ಶುರು ಮಾಡಿದ ದಿನ ನಾನು 'ಕಣ್ಣು' ಮಕ್ಕಳಿಗೆ ಅಂತ ಬೋರ್ಡಿನ ತುಂಬ ಚಿತ್ರ ಬರೆದಿದ್ದೆ. ಬಾಣ, ಚೌಕ, ಬಣ್ಣದ ಸೀಮೆಸುಣ್ಣ. ಒಬ್ಬರಿಗೂ ಹತ್ತಲಿಲ್ಲ. ಸರಕು ಇನ್ನೊಬ್ಬರ ಅಂಗಡಿಗೆ ಹೋದ ಮೇಲೂ ಕಳಿಸಿದವನೇ ಮಾಲೀಕ ಹೇಗೆ ಅನ್ನುವಲ್ಲೇ ಗಂಟು. ಹಿಂದಿನ ಬೆಂಚಿನಿಂದ ಅವನಂದ: "ಮೇಡಂ, ಇದು ನಮ್ಮ ಮಂಡಿ ಥರ ಅಲ್ವಾ? ಮೂಟೆ ನಮ್ಮ ಗೋಡೌನ್‌ನಲ್ಲಿ ಇರುತ್ತೆ. ಮಾಲು ರೈತರದ್ದೇ. ಮಾರಿದ ಮೇಲೆ ಹಮಾಲಿ ಗಿಮಾಲಿ ಮುರಿದುಕೊಂಡು ಪಟ್ಟಿ ಕೊಡ್ತೀವಿ." ಕಣ್ಣಿನವರಿಗೂ ಅರ್ಥವಾಯಿತು, ಕಿವಿಯವರಿಗೂ ಅರ್ಥವಾಯಿತು. ಪುಸ್ತಕದಲ್ಲಿ 'ಅಕೌಂಟ್ ಸೇಲ್ಸ್' ಅಂತಿರುವುದು ಆ ಪಟ್ಟಿಯೇ.

ಆಮೇಲೆ ಓದಿ ನೋಡಿದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿದ್ದರು. ಅವರು ಕೇಳಿದ ಪ್ರಶ್ನೆ ಸರಳ. 'ಕಣ್ಣಿನವರಿಗೆ' ಚಿತ್ರ ತೋರಿಸಿ, 'ಕಿವಿಯವರಿಗೆ' ಮಾತಿನಲ್ಲಿ ಹೇಳಿದರೆ ಇಬ್ಬರೂ ಹೆಚ್ಚು ಕಲಿಯುತ್ತಾರಾ? ಹೌದು ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಇಷ್ಟ ಅನ್ನುವುದು ನಿಜ. ನಿನಗೆ ವಿಡಿಯೋ ಇಷ್ಟ, ಒಪ್ಪಿದೆ. ನಿನಗೆ ಕೋಡುಬಳೆಯೂ ಇಷ್ಟ, ಅದನ್ನೇ ಮೂರು ಹೊತ್ತು ತಿನ್ನಲು ಬಿಟ್ಟಿದ್ದೇನಾ?

ಯಾವುದನ್ನು ಹೇಗೆ ಕಲಿಯಬೇಕು ಅನ್ನುವುದನ್ನು ಹೆಚ್ಚಾಗಿ ಪಾಠವೇ ಹೇಳುತ್ತದೆ. ಬೇಡಿಕೆ ರೇಖೆಯನ್ನು ಯಾರೇ ಆದರೂ ನೋಡಿಯೇ ತಿಳಿಯಬೇಕು. ಬ್ಯಾಂಕ್ ಸಮನ್ವಯ ಪಟ್ಟಿಯನ್ನು ಯಾರೇ ಆದರೂ ಕೈಯಲ್ಲಿ ಬರೆದೇ ಕಲಿಯಬೇಕು. ಕ್ಯಾಶ್‌ಬುಕ್ ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು, ಎರಡನ್ನೂ ತಾಳೆ ಹಾಕುವುದೇ ಈ ಪಟ್ಟಿ. ಆ ಇನ್ನೂ ಪಾಸಾಗದ ಚೆಕ್ಕನ್ನು ನೀನೇ ಹುಡುಕಿ ಹಿಡಿಯುವವರೆಗೆ ಅದು ನಿನ್ನದಾಗಲ್ಲ. ವಿಡಿಯೋದಲ್ಲಿ ಹಿಡಿಯುವವರು ಪಾಠ ಮಾಡುವವರು, ತಲೆಯಾಡಿಸುವವಳು ನೀನು.

ಆ ತಲೆಯಾಡಿಸುವುದರಲ್ಲೇ ಮೋಸ ಇರುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ ಇದೆ. ಕೆಲವರಿಗೆ ಒಂದು ಪಾಠವನ್ನು ಮತ್ತೆ ಓದಲು ಹೇಳಿದರು. ಕೆಲವರಿಗೆ ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ನಿನ್ನ ಪರೀಕ್ಷೆ ಐದು ನಿಮಿಷಕ್ಕೆ ಇಲ್ಲ ಅಲ್ವಾ?

ಆದರೆ ಇದನ್ನೆಲ್ಲ ಪಿಜಿಯಲ್ಲೇ ಕೂತು ಮಾಡುತ್ತೇನೆ, ಕ್ಲಾಸ್ ಯಾಕೆ ಅನ್ನುತ್ತೀಯ. ಕೇಳಬೇಕಾದ ಪ್ರಶ್ನೆಯೇ. 2010ರಲ್ಲಿ ಮಾರ್ಕಸ್ ಕ್ರೆಡೆ ಅನ್ನುವ ಸಂಶೋಧಕ ಮತ್ತು ಜೊತೆಯವರು ಹಾಜರಿ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕಾಲೇಜಿನ ಅಂಕಕ್ಕೂ ಹಾಜರಿಗೂ ಇರುವ ನಂಟು ಹಿಂದಿನ ಅಂಕ, ಓದುವ ರೂಢಿ ಎಲ್ಲಕ್ಕಿಂತ ಬಿಗಿಯಾಗಿತ್ತು. ಶ್ರದ್ಧೆ ಇರುವವರೇ ಬರುತ್ತಾರೆ, ಅದಕ್ಕೇ ಅಂಕ ಬರುತ್ತೆ ಅಂತ ನೀನು ವಾದ ಮಾಡಬಹುದು. ಸ್ವಲ್ಪ ಸರಿಯೇ. ಅದೇ ಅಧ್ಯಯನದಲ್ಲಿ, ಹಾಜರಿ ಕಡ್ಡಾಯ ಮಾಡಿದ್ದರಿಂದ ಸಿಕ್ಕ ಲಾಭ ಮಾತ್ರ ಸಣ್ಣದು. ದಿನಾ ಹೆಸರು ಕರೆಯುವ ನನಗೆ ಅದನ್ನು ಓದಿ ಬೇಜಾರಾಯಿತು. ಆಶ್ಚರ್ಯವಾಗಲಿಲ್ಲ.

ಯಾಕೆಂದರೆ ನಾನೂ ವರ್ಷಗಟ್ಟಲೆ ನೋಟ್ಸ್ ಬರೆಸಿದವಳು. ನಾನು ಹೇಳುವುದು, ಅವರು ಬರೆಯುವುದು. ಅಂಥ ಕ್ಲಾಸ್ ತಪ್ಪಿಸಿದವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗೆ ಜಾಸ್ತಿ ಇಲ್ಲ. ಜೆರಾಕ್ಸ್ ಅಂಗಡಿ ಸಾಕು ಅದಕ್ಕೆ.

ಹಾಗಲ್ಲದ ಒಂದು ಕ್ಲಾಸ್ ಹೇಳುತ್ತೇನೆ. 2024ರ ಜೂನ್ ಕೊನೆ. ಅರ್ಧ ಲೀಟರ್ ನಂದಿನಿ ನೀಲಿ ಪ್ಯಾಕೆಟ್ 550 ಮಿ.ಲೀ. ಆಯಿತು. ಬೆಲೆ 22ರಿಂದ 24ಕ್ಕೆ ಹೋಯಿತು. ಇದು ಬೆಲೆ ಏರಿಕೆಯೋ ಅಲ್ಲವೋ ಅಂತ ಕ್ಲಾಸಿನಲ್ಲಿ ಕೇಳಿದೆ. ಉತ್ತರ ನನ್ನ ಹತ್ತಿರ ಮೊದಲೇ ರೆಡಿ ಇತ್ತು. ಮೊದಲು ಲೀಟರಿಗೆ 44 ಬೀಳುತ್ತಿತ್ತು, ಆಮೇಲೆ ಸುಮಾರು 43 ರೂಪಾಯಿ 60 ಪೈಸೆ. ಏರಿಕೆ ಅಲ್ಲವೇ ಅಲ್ಲ. ಹೇಳಿ ಮುಗಿಸೋಣ ಅಂದುಕೊಂಡರೆ ಟೀ ಅಂಗಡಿಯವರ ಮನೆಯ ಹುಡುಗಿ ಎದ್ದಳು. "ನಮಗೆ ಬೇಕಿರೋದು ದಿನಕ್ಕೆ ಇಷ್ಟು ಪ್ಯಾಕೆಟ್ ಅಂತ ಮೇಡಂ. ಆ 50 ಎಂ.ಎಲ್. ಬೇಡ ಅಂದ್ರೂ ಎರಡು ರೂಪಾಯಿ ಕೊಡಲೇಬೇಕಲ್ಲ?" ಡೇರಿಗೆ ಹಾಲು ಹಾಕುವ ಮನೆಯವನು ಬಿಡಲಿಲ್ಲ. ಮಳೆ ಬಂದು ಹಸಿರು ಮೇವಾಗಿದೆ, ಡೇರಿಯಲ್ಲಿ ಹಾಲು ಉಕ್ಕುತ್ತಿದೆ, ಉಳಿದದ್ದನ್ನು ಪುಡಿ ಮಾಡಿದರೆ ನಷ್ಟ, ಯಾರಾದರೂ ಕುಡಿಯಬೇಕಲ್ಲ ಅಂದ. ಇನ್ನೊಬ್ಬಳು, ಹಾಗಾದರೆ ನಿಮ್ಮ ಅಪ್ಪನಿಗೆ ಲೀಟರಿಗೆ ಎಷ್ಟು ಜಾಸ್ತಿ ಸಿಕ್ಕಿತು ಹೇಳು ಅಂದಳು. ಅವನು ಸುಮ್ಮನಾದ. ಬೆಲ್ ಹೊಡೆದರೂ ಜಗಳ ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿ, ಆ 50 ಮಿ.ಲೀ. ವಾಪಸ್ ಹೋದಾಗ ಕಾರಿಡಾರಿನಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದರು.

ಅವತ್ತು ಬಾರದಿದ್ದ ಇಬ್ಬರು ಮರುದಿನ ಬಂದು, "ನಿನ್ನೆಯ ನೋಟ್ಸ್ ಕೊಡಿ ಮೇಡಂ" ಅಂದರು. ಏನಂತ ಕೊಡಲಿ?

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 1920ರ ದಶಕದಿಂದ ಕೇಸ್, ಅಂದರೆ ವ್ಯಾಪಾರದ ಒಂದು ನಿಜ ಸಂದರ್ಭ, ಇಟ್ಟುಕೊಂಡು ಚರ್ಚೆ ಮಾಡಿಸುತ್ತಾ ಪಾಠ ಮಾಡುತ್ತಿರುವುದು ಹೀಗೆಯೇ. ಅಲ್ಲಿ ಕ್ಲಾಸಿನಲ್ಲಿ ಆಡುವ ಮಾತಿಗೂ ಅಂಕ ಇದೆ. ನಿನ್ನ ಮಾರ್ಕೆಟಿಂಗ್ ಸರ್ ಕೂಡ ವಾರಕ್ಕೊಂದು ಕೇಸ್ ಕೊಡುತ್ತಾರೆ ಅಂದಿದ್ದೆಯಲ್ಲ. ನೀನು ತಪ್ಪಿಸಿದ 16ರಲ್ಲಿ ಅಂಥವು ಎಷ್ಟಿದ್ದವು ಅಂತ ಎಣಿಸಿ ನೋಡಿದೆಯಾ?

ಇನ್ನೊಂದು ಮಾತು. ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಅಕೌಂಟ್ಸ್‌ನಲ್ಲಿ ನಿನ್ನ ಹಾಜರಿ ಶೇ. 90ರ ಮೇಲಿದೆ. ಅಲ್ಲಿಯೂ ಕೂತು ಕೇಳುವುದೇ ಅಲ್ವಾ? ಮಾರ್ಕೆಟಿಂಗ್‌ನಲ್ಲಿ ಮಾತ್ರ ಕಣ್ಣು ಕಿವಿ ಎಲ್ಲ ಯಾಕೆ ಅಡ್ಡ ಬಂತು? ಅಕೌಂಟ್ಸ್‌ನಲ್ಲಿ ಯಾರೂ ನಿನ್ನನ್ನು ಎಬ್ಬಿಸಿ ನಿನ್ನ ಅಭಿಪ್ರಾಯ ಏನು ಅಂತ ಇಂಗ್ಲಿಷಿನಲ್ಲಿ ಕೇಳಲ್ಲ. ಅದೇನಾ ಪುಟ್ಟಿ?

ಹಾಗಿದ್ದರೆ ಹೇಳು, ಮುಚ್ಚಿಡಬೇಡ. ಹತ್ತನೇ ಕ್ಲಾಸಿನವರೆಗೆ ನೀನು ಕನ್ನಡ ಮೀಡಿಯಂ. ನಾನೂ ಅದೇ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವಾಗ ಮೊದಲ ವರ್ಷ ಪೂರ್ತಿ ಸೆಮಿನಾರಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ತಿದ್ದಿ, ಕೈ ಎತ್ತುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಕೊನೆಗೆ ನಾನು ಮಾಡಿದ್ದು ಇಷ್ಟೇ. ಹಿಂದಿನ ರಾತ್ರಿಯೇ ಒಂದೇ ಒಂದು ಪ್ರಶ್ನೆ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಉತ್ತರ ಅಲ್ಲ, ಪ್ರಶ್ನೆ. ಪ್ರಶ್ನೆ ಕೇಳಿದವರ ಗ್ರಾಮರನ್ನು ಯಾರೂ ಅಷ್ಟಾಗಿ ಗಮನಿಸಲ್ಲ, ಉತ್ತರ ಹುಡುಕುವುದರಲ್ಲಿ ಇರುತ್ತಾರೆ. ಕಾಲು ನಡುಗುತ್ತಿತ್ತು, ಸುಳ್ಳು ಹೇಳಲ್ಲ. ಕೆಲವೊಮ್ಮೆ ಈಗಲೂ ನಡುಗುತ್ತದೆ.

ನಾಳೆ ಯಾವ ಕೇಸ್ ಅಂತ ರಾತ್ರಿ ಫೋನ್ ಮಾಡು. ನಾವಿಬ್ಬರೇ ಕನ್ನಡದಲ್ಲೇ ಜಗಳ ಆಡೋಣ. ಆಮೇಲೆ ನಿನ್ನ ಪ್ರಶ್ನೆ ನೀನು ಬರೆದುಕೋ.

ಶುಕ್ರವಾರ ಮಧ್ಯಾಹ್ನವೇ ಹೊರಟು ಬರುತ್ತೇನೆ ಅಂದಿದ್ದೆ. ಅವತ್ತು ಮೂರಕ್ಕೆ ಮಾರ್ಕೆಟಿಂಗ್ ಇದೆ, ಟೈಮ್‌ಟೇಬಲ್ ನೋಡಿದೆ. ಮುಗಿಸಿಕೊಂಡು ರಾತ್ರಿ ತಾಳಗುಪ್ಪ ರೈಲು ಹತ್ತು. ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ಕೋಡುಬಳೆ ಮಾಡಿಟ್ಟಿರುತ್ತೇನೆ.

ನಿನ್ನ
ಅಮ್ಮ